ಎಲಚಿ ಕೊಂಬೆ ತೋರಿದ ಜಾಗ

ಬುಸೀವೆ ಶಾಂಗೆ ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ ಕೂತು, ಆ ಗುಂಡಿಯೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿದ್ದಳು. ಬೆರಳ ತುದಿಗೆ ಬೇರುಗಳು ಸಿಕ್ಕವು. ಒಂದೊಂದನ್ನೂ ಸವರಿ ನೋಡಿದಳು. ತುದಿಗಳೆಲ್ಲ ನುಣುಪಾಗಿದ್ದವು.

"ಗೊರಸು ಬೇರನ್ನ ಹರಿಯುತ್ತೆ, ಕೊಯ್ಯೋದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು.

ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಪಕ್ಕದ ಬಿಳಿ ರೇಲಿಂಗ್ ನಾಲ್ಕು ಮಾರು ಹೋಗಿ ಅಲ್ಲೇ ಕರಗಿಹೋಗಿತ್ತು. ಎಂಕುಂಗ್ವಿನಿ ರೇಸ್‌ಕೋರ್ಸಿನಲ್ಲಿ ಬೆಳಗೆಂದರೆ ಹೀಗೇ. ಡರ್ಬನ್ನಿನ ಕಡಲು ರಾತ್ರಿಯೆಲ್ಲ ಉಸಿರು ಬಿಡುತ್ತದೆ, ಆ ಉಸಿರು ಬೆಳಗಿನ ಹೊತ್ತಿಗೆ ಗುಡ್ಡ ಹತ್ತಿ ಇಲ್ಲಿ ಬಂದು ಮಲಗುತ್ತದೆ. ಮೊದಲು ಗೊರಸಿನ ಸದ್ದು, ಆಮೇಲೆ ಮೂಗಿನ ಹೊಳ್ಳೆಯ ಬಿಸಿ ಗಾಳಿ, ಕೊನೆಗೆ ಕುದುರೆ. ಅದೂ ಕಾಲಿಲ್ಲದ ಕುದುರೆ, ಹೊಟ್ಟೆಯಿಂದ ಮೇಲಕ್ಕೆ ಮಾತ್ರ ತೇಲಿಕೊಂಡು ಬರುವಂಥದ್ದು. ಇಲ್ಲಿ ಕೆಲಸ ಮಾಡುವವರಿಗೆ ಅರ್ಧ ಆಯುಷ್ಯ ಕನಸಿನಲ್ಲೇ ಕಳೆದುಹೋದ ಹಾಗೆ ಅನ್ನಿಸಿದರೆ ತಪ್ಪೇನಿಲ್ಲ.

ಐದು ದಿನದ ಹಿಂದೆ ಇಂಥದೇ ಬೆಳಗಿನಲ್ಲಿ, ಇದೇ ತಿರುವಿನಲ್ಲಿ, ಜಾಕಿ ಲಂಗಾ ಸೋಸಿಬೊ ಕುದುರೆಯಿಂದ ಬಿದ್ದು ಸತ್ತಿದ್ದ. ಕುದುರೆಯ ಕಾಲು ಈ ಗುಂಡಿಗೆ ಹೋಗಿತ್ತಂತೆ. ಅದಕ್ಕೆ ಸ್ವಲ್ಪ ಮುಂಚೆ ಈ ತಿರುವನ್ನು ನಡೆದು ನೋಡಿ, 'ನೆಲ ಸರಿಯಾಗಿದೆ' ಎಂದು ಹಸಿರು ಬಾವುಟ ಏರಿಸಿದವಳು ಬುಸೀವೆ. ಓಟದ ನೆಲದ ಸುರಕ್ಷತೆ ಅವಳ ಕೆಲಸ. ಇವತ್ತು ಹತ್ತು ಗಂಟೆಗೆ, ರೇಸಿನ ನಿಯಮ ಕಾಯುವ ಸ್ಟೀವರ್ಡ್‌ಗಳ ವಿಚಾರಣೆ.

ಕೆಲಸ ಹೋದರೆ ಹೋಗಲಿ ಎನ್ನುವ ಮಟ್ಟಕ್ಕೆ ಅವಳು ಬಂದಾಗಿತ್ತು. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಬರುತ್ತಿದ್ದ ಪ್ರಶ್ನೆ ಕೆಲಸದ್ದಲ್ಲ. ಇಷ್ಟು ದೊಡ್ಡ ಗುಂಡಿ ನನ್ನ ಕಣ್ಣಿಗೆ ಬೀಳಲಿಲ್ಲವೇ? ಲಂಗಾನನ್ನು ಕೊಂದದ್ದು ನಾನೇ ಏನು?

ಮಂಜಿನೊಳಗಿಂದ ಒಂದು ಕೆಮ್ಮು ಬಂತು. ಅದರ ಹಿಂದೆ ಅಂಕಲ್ ಸೋಲಿ ಬಂದರು.

ಆ ಕೆಮ್ಮು ಯಾವಾಗಲೂ ಅವರಿಗಿಂತ ಮುಂಚೆ ಬರುತ್ತಿತ್ತು, ಅವರು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತಿತ್ತು. ಸೋಲಿ ಪಡಯಾಚಿ ಹುಲ್ಲುಹಾಸಿನ ಮೇಸ್ತ್ರಿ. ಹುಲ್ಲಿಗೆ ಸುಣ್ಣ ಚೆಲ್ಲಿ ಚೆಲ್ಲಿ ಆ ಧೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡ ಮನುಷ್ಯ. ಕಾಲೇಜಿನಲ್ಲಿ ರೇಸ್‌ಕೋರ್ಸ್ ಆಡಳಿತ ಓದಿ ಬಂದ ಬುಸೀವೆಯನ್ನು ಮೊದಲ ದಿನವೇ 'ಮಗಳೇ' ಎಂದು ಕರೆದು, ಮನೆಯಿಂದ ತಂದ ಬೀನ್ಸ್ ಸಾರಿನಲ್ಲಿ ಅರ್ಧ ಪಾಲು ಕೊಟ್ಟವರು ಅವರೊಬ್ಬರೇ. ಆಗ ಉಳಿದವರೆಲ್ಲ ಮೂಗು ಮುರಿದಿದ್ದರು.

"ಮತ್ತೆ ಗುಂಡಿಯೊಳಗೇ ಇದೀಯಾ? ಇನ್ನು ಸ್ವಲ್ಪ ಹೊತ್ತು ಬಿಟ್ರೆ ನಿನ್ನ ಮೇಲೂ ಹುಲ್ಲು ಬೆಳೆಯುತ್ತೆ," ಎಂದರು. ನಗಿಸಲು ನೋಡಿದರು, ಕೆಮ್ಮು ಅಡ್ಡ ಬಂತು.

"ಅಂಕಲ್, ಇದು ಕಾಲು ಹೂತು ಆದ ಗುಂಡಿ ಅಲ್ಲ. ಬೇರು ಮುಟ್ಟಿ ನೋಡಿ. ಯಾರೋ ಗುದ್ದಲಿಯಲ್ಲಿ ಕೊಯ್ದಿದಾರೆ!"

ಸೋಲಿ ನಿಟ್ಟುಸಿರು ಬಿಟ್ಟರು. "ಅಯ್ಯೋ ಮಗಳೇ. ನಾನೇ ಕೊಯ್ದದ್ದು. ಅವತ್ತು ಸಾಯಂಕಾಲ ಜ್ವರದಲ್ಲೇ ಎದ್ದು ಬಂದೆ. ಗುಂಡೀನ ಚೌಕ ಮಾಡಿದ್ರೆ ತಾನೇ ಹೊಸ ಹುಲ್ಲು ಕೂರೋದು?"

"ವಿಚಾರಣೆ ಮುಗಿಯೋ ಮುಂಚೆ ಯಾಕೆ ಮುಟ್ಟಿದ್ರಿ?"

"ಕೈ ಅಭ್ಯಾಸ ಕಣಮ್ಮ. ಗುಂಡಿ ಕಂಡ್ರೆ ಕೈ ಸುಮ್ನಿರಲ್ಲ."

ಬುಸೀವೆಯ ಎದೆಯೊಳಗೆ ಕಟ್ಟಿಕೊಂಡಿದ್ದ ಪುಟ್ಟ ಆಸೆ ಸದ್ದಿಲ್ಲದೆ ಕುಸಿಯಿತು. ಸೋಲಿಯವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಂದ ಆಗಲಿಲ್ಲ. ಆ ಬೆಳಗ್ಗೆ ಅವರು ಜ್ವರ ಬಂದು ಚಾಟ್ಸ್‌ವರ್ತಿನ ಮನೆಯಲ್ಲಿ ಮಲಗಿದ್ದರು. ಅವರಿದ್ದಿದ್ದರೆ ನಾಲ್ಕು ಕಣ್ಣು ನೆಲ ನೋಡುತ್ತಿದ್ದವು. ಅವರಿಲ್ಲದ್ದಕ್ಕೆ ಅವಳೊಬ್ಬಳೇ ನಡೆದಿದ್ದಳು, ಅಷ್ಟೇ.

ಮಂಜು ಸೀಳಿಕೊಂಡು ಒಂದು ಕಂದು ಕುದುರೆ ಬಂದು ನಿಂತಿತು. ಅದರ ಮೇಲೆ ಟ್ರೇನರ್ ಗ್ರೆಗ್ ವೋಸ್ಲೂ ಕುಳಿತಿದ್ದ. ಲಂಗಾ ಅವತ್ತು ಓಡಿಸುತ್ತಿದ್ದ ಬೂದು ಬಣ್ಣದ ಹೆಣ್ಣು ಕುದುರೆ ಇವನ ಲಾಯದ್ದು. ಹೊಲದ ಮನೆಯಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಜುಲು ಮಾತನ್ನು ನೀರು ಕುಡಿದ ಹಾಗೆ ಆಡುತ್ತಿದ್ದ. ಅದರಲ್ಲೂ ಚುಚ್ಚುಮಾತು ಇನ್ನೂ ಸಲೀಸು.

"ಏನು ಮೇಡಂ, ನಿಧಿ ಸಿಕ್ತಾ?"

"ಹುಡುಕ್ತಾ ಇದೀನಿ, ಮಿಸ್ಟರ್ ವೋಸ್ಲೂ."

"ಹುಡುಕೋದನ್ನ ಅವತ್ತು ಬೆಳಗ್ಗೆ ಹುಡುಕಿದ್ರೆ ಚೆನ್ನಾಗಿತ್ತು." ಕುದುರೆಯ ಕತ್ತು ತಟ್ಟಿದ. "ನೋಡಿ, ನಿಮ್ಮ ಮೇಲೆ ನಂಗೇನೂ ಹಗೆ ಇಲ್ಲ. ಮಂಜಿತ್ತು, ಗುಂಡಿ ಕಾಣ್ಲಿಲ್ಲ, ಹೊಸಬಳು ಅಂತ ಒಪ್ಕೊಂಡುಬಿಡಿ. ಸ್ಟೀವರ್ಡ್‌ಗಳಿಗೂ ಹೆಣ್ಮಕ್ಕಳಿದಾರೆ, ಕನಿಕರ ತೋರಿಸ್ತಾರೆ. ಸುಮ್ನೆ ಎಳೆದಾಡಿದ್ರೆ ಪೊಲೀಸ್ ಕೇಸ್ ಆಗುತ್ತೆ."

"ಒಂದು ಕೇಳ್ಲಾ? ಡಾಕ್ಟರ್ ಬಂದು ನೋಡೋ ಮುಂಚೆ ಕುದುರೆಗೆ ಯಾಕೆ ಸ್ನಾನ ಮಾಡಿಸಿದ್ರಿ?"

ವೋಸ್ಲೂ ಲಗಾಮು ಸರಿಪಡಿಸಿಕೊಂಡ. "ಮೈಯೆಲ್ಲ ಕೆಸರಾಗಿತ್ತು."

"ಈ ತಿರುವಲ್ಲಿ ಕೆಸರು ಎಲ್ಲಿದೆ, ತೋರಿಸಿ."

ಅವನ ಮುಖದ ನಗು ಆರಿತು. "ಕೆಸರು ತೋರಿಸೋ ಕೆಲಸ ನಂದಲ್ಲ. ನನ್ನ ಹತ್ರ ಕಣ್ಣಾರೆ ಕಂಡ ಸಾಕ್ಷಿ ಇದಾನೆ. ಸತ್ತ ಹುಡುಗನ ಸ್ವಂತ ಚಿಕ್ಕಪ್ಪ. ಅವನ ಮಾತಿಗಿಂತ ನಿಮ್ಮ ಮಾತು ದೊಡ್ಡದಾ?"

ಅಲ್ಲೇ ಇದ್ದದ್ದು ತೊಡಕು. ಲಂಗಾನ ಚಿಕ್ಕಪ್ಪ ಎಲ್ಫಸ್ ಸೋಸಿಬೊ ವೋಸ್ಲೂವಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್. ಲಂಗಾನನ್ನು ಹೆಗಲ ಮೇಲೆ ಹೊತ್ತು ಬೆಳೆಸಿ, ಕುದುರೆ ಹತ್ತಿಸಿದವನೂ ಅವನೇ. 'ತಿರುವಿನಲ್ಲಿ ಕುದುರೆಯ ಕಾಲು ಗುಂಡಿಗೆ ಹೋಯಿತು, ಹುಡುಗ ಅಲ್ಲೇ ಬಿದ್ದು ಅಲ್ಲೇ ಪ್ರಾಣ ಬಿಟ್ಟ' ಎಂದು ಪೊಲೀಸರ ಮುಂದೆ ತಲೆ ತಗ್ಗಿಸಿಕೊಂಡು ಹೇಳಿದ್ದ. ಮಗನಂಥವನ ಸಾವಿನ ಬಗ್ಗೆ ಯಾರಾದರೂ ಸುಳ್ಳು ಹೇಳುತ್ತಾರೆಯೇ?

ದೂರದಲ್ಲಿ ಹಾಡು ಕೇಳಿಸಿತು. ಹೆಂಗಸರ ದನಿ, ಬಲು ಮೆಲ್ಲಗೆ. ಮಂಜಿಗೆ ದಿಕ್ಕಿಲ್ಲವಾದ್ದರಿಂದ ಹಾಡು ಎಲ್ಲ ಕಡೆಯಿಂದಲೂ ಬರುತ್ತಿದ್ದ ಹಾಗಿತ್ತು.

"ಬಂದ್ರು," ಎಂದರು ಸೋಲಿ, ಟೋಪಿ ತೆಗೆದು.

ಲಂಗಾನನ್ನು ಮನೆಗೆ ಕರೆದೊಯ್ಯಲು ಅವನ ಕಡೆಯವರು ತಮ್ಮ ಊರು ಮ್ಸಿಂಗಾದಿಂದ ಬಂದಿದ್ದರು. ಹೆಣ ಆಗಲೇ ಊರು ಸೇರಿತ್ತು. ಇವರು ಬಂದದ್ದು ಹೆಣಕ್ಕಲ್ಲ. ಮನೆಯ ಹೊರಗೆ ಸತ್ತವನ ಜೀವ ಸತ್ತ ಜಾಗದಲ್ಲೇ ಕೂತಿರುತ್ತದೆ. ಮನೆಯ ಹಿರಿಯನೊಬ್ಬ ಎಲಚಿಯ ಕೊಂಬೆ ಹಿಡಿದು ಅದೇ ಜಾಗಕ್ಕೆ ಹೋಗಿ, ನೆಲಕ್ಕೆ ಕೊಂಬೆ ತಾಗಿಸಿ, ಹೆಸರು ಹಿಡಿದು ಕರೆಯಬೇಕು. ಜೀವ ಕೊಂಬೆ ಹತ್ತಿದ ಮೇಲೆ ಮಗುವನ್ನು ಕರೆದೊಯ್ಯುವ ಹಾಗೆ, ಇದು ಹೊಳೆ, ಇದು ಸೇತುವೆ ಎಂದು ಹೇಳಿಕೊಂಡು ಮನೆ ಮುಟ್ಟಿಸಬೇಕು. ಹೊರಗೆ ನಿಂತ ಮಿನಿಬಸ್ಸಿನಲ್ಲಿ ಲಂಗಾನಿಗೆಂದು ಕಿಟಕಿ ಪಕ್ಕದ ಸೀಟು ಖಾಲಿ ಬಿಟ್ಟಿದ್ದರು. ಅವನಿಗೆ ಚಿಕ್ಕಂದಿನಿಂದಲೂ ಕಿಟಕಿ ಸೀಟೇ ಬೇಕಿತ್ತಂತೆ.

ಕೊಂಬೆ ಕಡಿದ ಗಳಿಗೆಯಿಂದ ಅದನ್ನು ಹಿಡಿದವನು ಬದುಕಿರುವವರ ಜೊತೆ ಮಾತಾಡುವಂತಿಲ್ಲ. ಸತ್ತವನ ಜೊತೆ ಮಾತ್ರ.

ಮಂಜಿನಿಂದ ಮೊದಲು ಕೊಂಬೆ ಕಾಣಿಸಿತು, ಆಮೇಲೆ ಅದನ್ನು ಹಿಡಿದ ಎಲ್ಫಸ್. ಯಾರದೋ ದೊಡ್ಡ ಕೋಟು ತೊಟ್ಟಿದ್ದ. ಐದೇ ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಹಿಂದೆ ಲಂಗಾನ ತಾಯಿ ಮಾಚೂನು, ಹೆಗಲ ಮೇಲೆ ಕಂಬಳಿ ಹೊದ್ದು. ಇನ್ನೂ ಹಿಂದೆ ಹಾಡುವ ಹೆಂಗಸರು.

ವೋಸ್ಲೂ ಕುದುರೆಯಿಂದ ಇಳಿದು ಟೋಪಿ ತೆಗೆದ. ಗುಂಡಿಯ ಪಕ್ಕ ಅವನೇ ಇರಿಸಿದ್ದ ಬಿಳಿ ಹೂಗಳತ್ತ ಕೈ ತೋರಿಸಿದ. "ಇಲ್ಲಿ, ಎಲ್ಫಸ್."

ಮಾಚೂನು ಹೂವಿನ ಕಡೆ ನೋಡಲಿಲ್ಲ. ನೇರವಾಗಿ ಬುಸೀವೆಯ ಹತ್ತಿರ ಬಂದಳು. ಅವಳ ಕೈಗೆ ಅಂಟಿದ ಮಣ್ಣನ್ನು ನೋಡಿದಳು.

"ನೆಲ ನೋಡೋಳು ನೀನೇನಾ, ಮಗಳೇ?"

"ಹೌದು, ಅಮ್ಮಾ."

"ನೆಲ ಚೆನ್ನಾಗಿದೆ ಅಂತ ನೀನೇ ಹೇಳಿದ್ಯಂತೆ."

"ಹೇಳಿದ್ದೆ."

"ಚೆನ್ನಾಗಿತ್ತಾ?"

ವೋಸ್ಲೂ ಕೇಳುತ್ತಿದ್ದ. ವಕೀಲರಿದ್ದಿದ್ದರೆ ಬಾಯಿ ಬಿಡಬೇಡ ಎನ್ನುತ್ತಿದ್ದರು. ಬುಸೀವೆಗೆ ಅಳು ಒತ್ತಿಕೊಂಡು ಬಂತು.

"ಚೆನ್ನಾಗಿತ್ತು ಅಂತಾನೇ ನನ್ನ ಕಾಲು ಹೇಳುತ್ತೆ, ಅಮ್ಮಾ. ಇಲ್ಲೆಲ್ಲ ನಡೆದಿದ್ದೆ. ಆದ್ರೆ ನಿಮ್ಮ ಮಗ ಇಲ್ವಲ್ಲ. ನನ್ನ ಕಾಲನ್ನ ನಾನು ಹೇಗೆ ನಂಬಲಿ?"

ಮಾಚೂನು ಕಂಬಳಿಯ ಅಂಚಿನಿಂದ ಬುಸೀವೆಯ ಕೈಮಣ್ಣು ಒರೆಸಿದಳು. ಅದು ಕ್ಷಮೆಯೋ, ಮಗ ಬಿದ್ದ ಮಣ್ಣೆಂಬ ಮೋಹವೋ ಗೊತ್ತಾಗಲಿಲ್ಲ.

ಎಲ್ಫಸ್ ಗುಂಡಿಯ ಎದುರು ನಿಂತ. ಹಾಡು ನಿಂತಿತು. ಅವನು ಬಾಗಿ ಕೊಂಬೆಯನ್ನು ಹುಲ್ಲಿಗೆ ತಾಗಿಸಿದ, ಬಾಯಿ ತೆರೆದ.

ಮಾತು ಹೊರಡಲಿಲ್ಲ.

ಮತ್ತೆ ಬಾಯಿ ತೆರೆದ. ಕೊಂಬೆ ಅಲುಗಿ ಎಲೆಗಳ ಮೇಲಿನ ಮಂಜಿನ ಹನಿ ಪಟಪಟನೆ ಉದುರಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖ ಗಂಟಲು ಕಟ್ಟಿದೆ ಅಂದುಕೊಂಡರು.

ಬುಸೀವೆ ಮಾತ್ರ ಅವನ ಕಣ್ಣು ನೋಡುತ್ತಿದ್ದಳು. ಅದು ಬರೀ ದುಃಖವಾಗಿರಲಿಲ್ಲ, ಹೆದರಿಕೆಯಾಗಿತ್ತು. ಅವಳ ಅಜ್ಜನನ್ನೂ ಗಣಿಯ ಬಾಯಿಯಿಂದ ಹೀಗೇ ಕೊಂಬೆಯಲ್ಲಿ ತಂದಿದ್ದರು. ಜಾಗ ತಪ್ಪಿದರೆ ಏನಾಗುತ್ತದೆಂದು ಅಜ್ಜಿ ಹೇಳಿದ್ದಳು. ಕೊಂಬೆ ಬರಿಗೈಲಿ ಮನೆಗೆ ಬರುತ್ತದೆ, ಸತ್ತವನು ಸತ್ತಲ್ಲೇ ಕೂತು ಕಾಯುತ್ತಲೇ ಇರುತ್ತಾನೆ, ನನ್ನವರು ಯಾಕೆ ಬರಲಿಲ್ಲ ಎಂದು.

ಪೊಲೀಸರ ಕಣ್ಣಿಗೆ ಮಣ್ಣೆರಚಬಹುದು. ಸ್ಟೀವರ್ಡ್‌ಗಳ ಮುಂದೆ ತಲೆ ತಗ್ಗಿಸಿ ಏನು ಬೇಕಾದರೂ ಹೇಳಬಹುದು. ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗನನ್ನು ಅವನಿಲ್ಲದ ಜಾಗದಲ್ಲಿ ಕರೆಯುವುದು ಹೇಗೆ?

ಎಲ್ಫಸ್ ನೆಟ್ಟಗೆ ನಿಂತ. ಹೂಗಳಿಗೆ ಬೆನ್ನು ಹಾಕಿದ. ರೇಲಿಂಗಿನ ಕೆಳಗೆ ನುಸುಳಿ, ಇಳಿಜಾರಿನಲ್ಲಿ ಹೊರಟುಬಿಟ್ಟ.

"ಎಲ್ಫಸ್! ಎಲ್ಲಿಗೆ? ಜಾಗ ಇಲ್ಲೇ!" ವೋಸ್ಲೂ ಕೂಗಿದ.

ಕೊಂಬೆ ತಿರುಗಿ ನೋಡಲಿಲ್ಲ. ಮಾಚೂನು ಕಂಬಳಿ ಎಳೆದುಕೊಂಡು ಅದರ ಹಿಂದೆ ನಡೆದಳು. ಹೆಂಗಸರೂ ನಡೆದರು. ಬುಸೀವೆ ಓಡಿದಳು. ಸೋಲಿ ಕೆಮ್ಮುತ್ತ, ನೆಲ ಅಳೆಯುವ ಕೋಲನ್ನು ಊರಿಕೊಳ್ಳುತ್ತ ಹಿಂದೆ ಬಂದರು.

ಇಳಿಜಾರಿನಲ್ಲಿ ಮಂಜು ಇನ್ನೂ ಗಟ್ಟಿಯಾಗಿತ್ತು. ಹೆಜ್ಜೆಯ ಸದ್ದೂ ಕೇಳಿಸದ ಮೆತ್ತನೆಯ ಹುಲ್ಲು. ಎದುರಿಗೆ ಎಲಚಿಯ ಕೊಂಬೆ ಒಂದೇ ತೇಲಿ ಹೋಗುತ್ತಿತ್ತು, ಅದನ್ನು ಹಿಡಿದವರು ಯಾರೂ ಇಲ್ಲವೇನೋ ಎನ್ನುವ ಹಾಗೆ. ಎಲ್ಲೋ ಲಾಯದಲ್ಲಿ ಒಂದು ಕುದುರೆ ಕೆನೆಯಿತು. ಆ ಬೂದು ಕುದುರೆಯೇ ಇರಬೇಕು ಎಂದು ಬುಸೀವೆಗೆ ಅನ್ನಿಸಿತು, ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಕೊಂಬೆ ನಿಂತಿತು.

ಅವರೆಲ್ಲ ನಿಂತದ್ದು ಕೆಳಗಿನ ಮರಳಿನ ಟ್ರ್ಯಾಕಿನ ಅಂಚಿನಲ್ಲಿ. ಅಡ್ಡ ಕಟ್ಟಿದ್ದ ಹಗ್ಗ, ಅದರ ಮೇಲೆ ಒದ್ದೆಯಾಗಿ ಜೋತುಬಿದ್ದ ಕೆಂಪು ಬಾವುಟ. ಅದನ್ನು ಕಟ್ಟಿದವಳು ಬುಸೀವೆಯೇ. ಅಡಿಯ ಚರಂಡಿ ಕೊಳವೆ ಒಡೆದು ಮರಳು ಒಳಗೊಳಗೇ ಕೆಸರಾಗಿತ್ತು. ಹಾಗಾಗಿ ಆ ಬೆಳಗ್ಗೆ ಮೇಲಿನ ತಿರುವಿಗೆ ಹಸಿರು ಬಾವುಟ ಏರಿಸುವ ಮುಂಚೆಯೇ ಈ ಟ್ರ್ಯಾಕನ್ನು ಮುಚ್ಚಿದ್ದಳು. ಕೆಂಪು ಬಾವುಟ ದಾಟಿ ಯಾವ ಕುದುರೆಯೂ ಹೋಗುವಂತಿಲ್ಲ. ಆದರೆ ದೊಡ್ಡ ರೇಸ್ ಹತ್ತಿರವಿದ್ದಾಗ, ತನ್ನ ಕುದುರೆಯ ವೇಗ ಬೇರೆ ಟ್ರೇನರುಗಳ ಕಣ್ಣಿಗೆ ಬೀಳಬಾರದೆಂದು ಮಂಜಿನಲ್ಲಿ ಕದ್ದು ಓಡಿಸುವ ಚಾಳಿ ಇಲ್ಲಿ ಹಳೆಯದು.

ಎಲ್ಫಸ್ ಹಗ್ಗದ ಆಚೆ ಬಗ್ಗಿ ಕೊಂಬೆಯನ್ನು ಮರಳಿಗೆ ತಾಗಿಸಿದ. ಈ ಸಲ ಮಾತು ತಡೆಯಲಿಲ್ಲ.

"ಲಂಗಾ, ಮಗನೇ. ಚಿಕ್ಕಪ್ಪ ಬಂದಿದೀನಿ. ನೀನು ಬಿದ್ದಿದ್ದು ಇಲ್ಲಿ. ಬೇಡ ಅಂದಿದ್ದೆ ನೀನು. ಕೆಂಪು ಬಾವುಟ ಇದೆ ಅಂದಿದ್ದೆ. ಸಾಹೇಬ್ರು ಓಡಿಸು ಅಂದ್ರು, ನಾನೂ ಸುಮ್ನಿದ್ದೆ. ನನ್ನನ್ನ ಬಯ್ಯಿ, ಮಗನೇ."

"ಎಲ್ಫಸ್, ಸಾಕು ಮಾಡು!" ವೋಸ್ಲೂ ಮುಂದೆ ನುಗ್ಗಿದ. "ತಲೆ ಕೆಟ್ಟಿದೆ ಇವನಿಗೆ. ಅಮ್ಮಾ, ಅವನ ಮಾತು ಕೇಳ್ಬೇಡಿ."

ಮಾಚೂನು ಅವನ ಎದುರು ಬಂದು ನಿಂತಳು. ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

"ಸಾಹೇಬ್ರೇ, ಅವನು ನಿಮ್ಮ ಜೊತೆ ಮಾತಾಡ್ತಿಲ್ಲ. ನನ್ನ ಜೊತೇನೂ ಅಲ್ಲ. ನನ್ನ ಮಗನ ಜೊತೆ ಮಾತಾಡ್ತಿದಾನೆ. ಅವರಿಬ್ಬರ ನಡುವೆ ಬಾಯಿ ಹಾಕ್ಬೇಡಿ. ಒಳ್ಳೇದಾಗಲ್ಲ."

ವೋಸ್ಲೂ ನಿಂತಲ್ಲೇ ನಿಂತ. ಇಲ್ಲೇ ಹುಟ್ಟಿ ಬೆಳೆದವನು, ಆ ಮಾತಿನ ತೂಕ ಅವನಿಗೆ ಗೊತ್ತಿತ್ತು.

ಬುಸೀವೆ ರೇಲಿಂಗಿನ ಕಂಬ ಹಿಡಿದುಕೊಂಡಳು. ನಾನಲ್ಲ. ನನ್ನ ನೆಲ ಅಲ್ಲ. ಐದು ರಾತ್ರಿ ಎದೆ ಮೇಲೆ ಕೂತಿದ್ದ ಕಲ್ಲು ಎದ್ದು ಹೋಯಿತು. ಅವಳಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು, ಎದುರಿಗೆ ತಾಯಿ ನಿಂತಿದ್ದಳಲ್ಲ.

"ಕೇಳಿದ್ರಾ ಅಂಕಲ್?" ಎಂದು ಪಿಸುಗುಟ್ಟಿದಳು.

ಹಿಂದಿನಿಂದ ಕೆಮ್ಮು ಉತ್ತರ ಕೊಟ್ಟಿತು.

ಎಲ್ಫಸ್ ಎದ್ದು ನಿಂತ. ಹೆಂಗಸರು ಹಾಡಲು ಬಾಯಿ ತೆರೆದರು. ಜೀವ ಸಿಕ್ಕಿತು, ಇನ್ನು ಮಿನಿಬಸ್ಸಿನ ಕಡೆ. ಆದರೆ ಎಲ್ಫಸ್ ಗೇಟಿನತ್ತ ತಿರುಗಲಿಲ್ಲ.

"ಬಾ, ಮಗನೇ," ಎಂದ ಕೊಂಬೆಗೆ, ಈಗ ದನಿ ಮೆತ್ತಗಾಗಿತ್ತು. "ಇಲ್ಲಿ ಬಿದ್ದೆ, ಇಲ್ಲಿ ಸಾಯ್ಲಿಲ್ಲ. ನಿನ್ನನ್ನ ಹೊತ್ಕೊಂಡು ಎಲ್ಲಿಗೆ ಹೋದೆ, ನೆನಪಿದೆಯಾ? ಕತ್ತು ಬಿಗಿಯಾಗಿ ಹಿಡ್ಕೊಂಡಿದ್ದೆ ನೀನು, ಚಿಕ್ಕವನಿದ್ದಾಗ ಹಿಡ್ಕೊಳ್ತಿದ್ದ ಹಾಗೆ. ಅಲ್ಲಿಗೇ ಹೋಗೋಣ."

ಬುಸೀವೆಗೆ ಅರ್ಥವಾಗುವ ಮುಂಚೆಯೇ ಕಾಲು ಹೊರಟಿತ್ತು. ಲಂಗಾ ಬಿದ್ದೊಡನೆ ಸತ್ತಿರಲಿಲ್ಲ! ಆಂಬುಲೆನ್ಸಿನವರು ತಿರುವಿನಲ್ಲಿ ಕಂಡದ್ದು ಆಮೇಲೆ ಯಾರೋ ತಂದು ಮಲಗಿಸಿದ ಹೆಣವನ್ನು.

ಟ್ರ್ಯಾಕಿನ ಅಂಚು ಹಿಡಿದು ನಡೆದ ಎಲ್ಫಸ್. ಮಂಜಿನಲ್ಲಿ ತಗಡಿನ ಸೂರಿನ ಪುಟ್ಟ ಕಟ್ಟಡವೊಂದು ಕಪ್ಪಗೆ ಮೂಡಿತು. ಬುಸೀವೆಗೆ ಅದರ ಒಂದೊಂದು ಇಟ್ಟಿಗೆಯೂ ಗೊತ್ತಿತ್ತು. ಅವಳದೇ ಆಫೀಸು. ಒಳಗೆ ಸ್ಟ್ರೆಚರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೇಲಿನ ಗೇಟಿನಲ್ಲಿ ನಿಂತ ಆಂಬುಲೆನ್ಸಿಗೆ ಕರೆ ಹೋಗುವ ಫೋನು. ಮೊಬೈಲ್ ಸಿಗ್ನಲ್ ಸಿಗದ ಈ ಇಳಿಜಾರಿನಲ್ಲಿ ಒಂದು ಜೀವ ಉಳಿಯಬೇಕಾದರೆ ಅದು ಉಳಿಯುವುದು ಆ ಬಾಗಿಲಿನೊಳಗೆ.

ಆ ಬೆಳಗ್ಗೆ ನೆಲ ನೋಡಲು ಹೊರಡುವಾಗ ಬೀಗ ಹಾಕಿದ್ದಳು. ದೀಪವನ್ನೂ ಆರಿಸಿದ್ದಳು.

ಎಲ್ಫಸ್ ಹೊಸ್ತಿಲ ಮುಂದೆ ಮೊಣಕಾಲೂರಿದ. ಸಿಮೆಂಟಿನ ಮೆಟ್ಟಿಲಿಗೆ ಕೊಂಬೆ ತಾಗಿಸಿ, ಅದರ ಎಲೆಗಳನ್ನು ಹಣೆ ಸವರಿದ ಹಾಗೆ ಸವರಿದ.

"ಲಂಗಾ ಸೋಸಿಬೊ, ಇಲ್ಲಿದೀಯ ನೀನು. ಇಲ್ಲೇ ಮಲಗಿಸಿದ್ದೆ. ಬಾಗಿಲು ಬಡಿದೆ, ಕೈ ಒಡೆಯೋ ತನಕ ಬಡಿದೆ. ಬಾಗಿಲ ಸಂದಿನಲ್ಲಿ ದೀಪ ಕಾಣಿಸ್ತಿತ್ತು. ನೀನೇ ನೋಡಿ ಹೇಳ್ದೆ, ಚಿಕ್ಕಪ್ಪ, ಒಳಗೆ ಯಾರೋ ಇದಾರೆ, ತೆಗೀತಾರೆ ಅಂತ. ತೆಗೀತಾರೆ ತೆಗೀತಾರೆ ಅಂತಾನೇ ಹೋದೆಯಲ್ಲೋ."

ಮಾಚೂನು ಕಂಬಳಿಯನ್ನು ಬಾಯಿಗೆ ಒತ್ತಿಕೊಂಡಳು.

ಬುಸೀವೆಯ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕೀಲಿ ತಣ್ಣಗೆ ಬೆರಳಿಗೆ ತಗುಲಿತು. ಈ ಬೀಗಕ್ಕೆ ಇರುವುದು ಎರಡೇ ಕೀಲಿ. ಆ ಹೊತ್ತಿನಲ್ಲಿ ಇದು ಅವಳ ಜೇಬಿನಲ್ಲಿತ್ತು, ಅವಳು ಮೇಲಿನ ಟ್ರ್ಯಾಕಿನಲ್ಲಿ, ಆ ತಿರುವು ದಾಟಿ ಮುಂದಿದ್ದಳು. ಇನ್ನೊಂದು ಇರುವುದು ಹುಲ್ಲಿನ ಮೇಸ್ತ್ರಿಯ ಸೊಂಟದಲ್ಲಿ. ಮೇಸ್ತ್ರಿ ಜ್ವರದಿಂದ ಮನೆಯಲ್ಲಿ ಮಲಗಿದ್ದರು. ಹಾಗೆಂದು ಅವರೇ ಹೇಳಿದ್ದರು. ಅವಳು ನಂಬಿದ್ದಳು, ಗುಂಡಿ ಕೊಯ್ದದ್ದು ಸಾಯಂಕಾಲ ಎಂದದ್ದನ್ನೂ.

ಎಲ್ಫಸ್ ಇನ್ನೂ ಮುಗಿಸಿರಲಿಲ್ಲ.

"ನಿಂಗೂ ಕೇಳಿಸ್ತಲ್ಲ, ಮಗನೇ?" ಎಂದು ಕೊಂಬೆಯ ಹತ್ತಿರ ಬಾಗಿ ಕೇಳಿದ. "ಒಳಗಡೆಯಿಂದ ಆ ಕೆಮ್ಮು."

ತಗಡಿನಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು, ಅದೊಂದೇ ಸದ್ದು. ಅದೊಂದೇ ಸದ್ದು ಯಾಕೆಂದು ಬುಸೀವೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಬೆಳಗ್ಗಿನಿಂದ ಅವಳ ಬೆನ್ನ ಹಿಂದೆ ಬಿಡದೆ ಬರುತ್ತಿದ್ದ ಸದ್ದು ಈಗ ಇರಲಿಲ್ಲ.

ಮೆಲ್ಲನೆ ತಿರುಗಿದಳು.

ಮಂಜಿನ ಅಂಚಿನಲ್ಲಿ ಅಂಕಲ್ ಸೋಲಿ ನಿಂತಿದ್ದರು. ಕೋಲು ಕಾಲ ಬಳಿ ಬಿದ್ದಿತ್ತು. ಎರಡೂ ಕೈಯಲ್ಲಿ ಟೋಪಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಮುಖ ಕೆಂಪೇರಿ, ಕಣ್ಣಲ್ಲಿ ನೀರು ತುಂಬಿ, ಹೆಗಲು ಅದುರುತ್ತ, ಪ್ರಾಣವನ್ನೇ ಬಿಗಿಹಿಡಿದು ಕೆಮ್ಮನ್ನು ತಡೆಯುತ್ತಿದ್ದರು.